ಕಾಯಿಲೆಯ ಗಡಿ ಹುಡುಕಿ ಹತ್ತು ಸಾವಿರ ಮೈಲಿ

ಲಿಂಫೋಮಾ ಎಂಬುದು ಒಂದು ಕಾಯಿಲೆಯ ಹೆಸರೆಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ವಾಸ್ತವದಲ್ಲಿ ಅದು ದೊಡ್ಡದೊಂದು ಕುಟುಂಬದ ಹೆಸರು. ದೇಹವನ್ನು ಸೋಂಕಿನಿಂದ ಕಾಯಬೇಕಾದ ಬಿಳಿ ರಕ್ತಕಣಗಳಲ್ಲಿ ಒಂದು ವರ್ಗವಾದ ದುಗ್ಧಕಣಗಳು ಹತೋಟಿ ತಪ್ಪಿ ಬೆಳೆದಾಗ ಉಂಟಾಗುವ ಹತ್ತಾರು ಬಗೆಯ ಕ್ಯಾನ್ಸರ್‌ಗಳು ಈ ಹೆಸರಿನಡಿ ಸೇರುತ್ತವೆ. ಕುತೂಹಲದ ಸಂಗತಿಯೆಂದರೆ, ಈ ಕುಟುಂಬದ ಎಲ್ಲ ಸದಸ್ಯರೂ ಎಲ್ಲ ಊರುಗಳಲ್ಲಿ ಸಮನಾಗಿ ಕಾಣಿಸಿಕೊಳ್ಳುವುದಿಲ್ಲ. ಅಮೆರಿಕ ಮತ್ತು ಪಶ್ಚಿಮ ಯುರೋಪಿನಲ್ಲಿ ನಡುವಯಸ್ಸು ದಾಟಿದವರಲ್ಲಿ ನಿಧಾನವಾಗಿ ಬೆಳೆಯುವ ಫಾಲಿಕ್ಯುಲರ್ ಬಗೆ ಹೆಚ್ಚು. ಜಪಾನಿನ ನೈರುತ್ಯ ಭಾಗದಲ್ಲಿ ಬೇರೆಡೆ ಅಪರೂಪವಾದ ಒಂದು ಬಗೆ ಬೀಡುಬಿಟ್ಟಿದೆ. ಆಫ್ರಿಕಾದ ನಡುಭಾಗದಲ್ಲಿ ಎಳೆಯ ಮಕ್ಕಳ ದವಡೆಯನ್ನು ವಿಕಾರಗೊಳಿಸುವ ಇನ್ನೊಂದು ಬಗೆಯಿದೆ. ಈ ಹಂಚಿಕೆ ಆಕಸ್ಮಿಕವಲ್ಲ, ಕಾಯಿಲೆಯ ಮೂಲದತ್ತ ಬೊಟ್ಟುಮಾಡುವ ಸುಳಿವು ಇದರಲ್ಲೇ ಇದೆ ಎಂದು ಜಗತ್ತಿಗೆ ಮನಗಾಣಿಸಿದವರು ಒಬ್ಬ ಐರಿಷ್ ಶಸ್ತ್ರಚಿಕಿತ್ಸಕ, ಡೆನಿಸ್ ಪಾರ್ಸನ್ಸ್ ಬರ್ಕಿಟ್. ಅವರಿಗೆ ಸ್ವಂತ ಪ್ರಯೋಗಾಲಯವಿರಲಿಲ್ಲ, ಸಂಶೋಧನೆಯ ತರಬೇತಿಯೂ ಇರಲಿಲ್ಲ. ಕೊನೆಗೆ ಎರಡು ಕಣ್ಣುಗಳೂ ಇರಲಿಲ್ಲ.

ಬರ್ಕಿಟ್ ಹುಟ್ಟಿದ್ದು 1911ರ ಫೆಬ್ರುವರಿ 28ರಂದು, ಇಂದು ಉತ್ತರ ಐರ್ಲೆಂಡಿಗೆ ಸೇರಿರುವ ಎನಿಸ್ಕಿಲನ್ ಎಂಬ ಪಟ್ಟಣದಲ್ಲಿ. ತಂದೆ ಜೇಮ್ಸ್ ಪಾರ್ಸನ್ಸ್ ಬರ್ಕಿಟ್ ಅವರದು ಫರ್ಮಾನಾ ಕೌಂಟಿಯ ರಸ್ತೆ, ಸೇತುವೆಗಳ ಉಸ್ತುವಾರಿಯ ಎಂಜಿನಿಯರ್ ಹುದ್ದೆ. ಬಿಡುವಿನ ವೇಳೆಯಲ್ಲಿ ಅವರು ಹಿಡಿದ ಕೆಲಸ ವಿಚಿತ್ರವಾಗಿತ್ತು. ಮನೆಯ ತೋಟಕ್ಕೆ ಬರುತ್ತಿದ್ದ ರಾಬಿನ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟು, ಯಾವ ಹಕ್ಕಿ ಯಾವ ಗಡಿಯೊಳಗೆ ಓಡಾಡುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸುತ್ತಿದ್ದರು. 1920ರ ದಶಕದಲ್ಲಿ ಪ್ರಕಟವಾದ ಅವರ ಬರಹಗಳು ಪಕ್ಷಿಶಾಸ್ತ್ರದಲ್ಲಿ ಇಂದಿಗೂ ಗೌರವದ ಸ್ಥಾನ ಪಡೆದಿವೆ. ಒಂದು ಜೀವಿಯ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳುವ ಈ ಅಭ್ಯಾಸವನ್ನು ಮಗ ಮನೆಯಲ್ಲೇ ಕಂಡು ಬೆಳೆದ.

ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗರ ಕಲ್ಲೆಸೆತದ ಜಗಳದಲ್ಲಿ ಸಿಕ್ಕಿ ಡೆನಿಸ್ ಒಂದು ಕಣ್ಣನ್ನು ಕಳೆದುಕೊಂಡರು. 1929ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ತಂದೆಯಂತೆ ಎಂಜಿನಿಯರಿಂಗ್ ಓದಲೆಂದೇ ಸೇರಿದ್ದರು. ಅಲ್ಲಿ ಧಾರ್ಮಿಕ ಒಲವು ಗಾಢವಾಗಿ, ಸೇವೆಗೆ ವೈದ್ಯವೃತ್ತಿಯೇ ದಾರಿಯೆಂದು ನಿರ್ಧರಿಸಿ ಓದನ್ನು ಬದಲಿಸಿದರು. 1935ರಲ್ಲಿ ವೈದ್ಯ ಪದವಿ ಪಡೆದು, 1938ರಲ್ಲಿ ಎಡಿನ್‌ಬರೊದಲ್ಲಿ ಶಸ್ತ್ರಚಿಕಿತ್ಸಕರ ಫೆಲೋಶಿಪ್ ಮುಗಿಸಿದರು. ಚಿಕ್ಕಪ್ಪ ರೋಲಂಡ್ ಬರ್ಕಿಟ್ ನೈರೋಬಿಯಲ್ಲಿ ಹೆಸರುವಾಸಿ ಶಸ್ತ್ರಚಿಕಿತ್ಸಕರಾಗಿದ್ದರಿಂದ ಆಫ್ರಿಕಾ ಅವರಿಗೆ ಅಪರಿಚಿತ ಹೆಸರಾಗಿರಲಿಲ್ಲ. ಆದರೆ ವಸಾಹತು ವೈದ್ಯಕೀಯ ಸೇವೆಗೆ ಅರ್ಜಿ ಹಾಕಿದಾಗ ಒಂದೇ ಕಣ್ಣಿನ ಕಾರಣ ತಿರಸ್ಕೃತರಾದರು. ಯುದ್ಧ ಬಂತು, ಒಕ್ಕಣ್ಣಿನ ಶಸ್ತ್ರಚಿಕಿತ್ಸಕ ಸೈನ್ಯಕ್ಕೆ ಬೇಕಾದರು. ಸೇನಾ ವೈದ್ಯರಾಗಿ ಕೀನ್ಯಾ, ಸೊಮಾಲಿಲ್ಯಾಂಡ್, ಸಿಲೋನ್‌ಗಳಲ್ಲಿ ದುಡಿದರು. 1943ರಲ್ಲಿ ಆಲಿವ್ ರಾಜರ್ಸ್ ಅವರನ್ನು ಮದುವೆಯಾದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಹಿಂದೊಮ್ಮೆ ಬಾಗಿಲು ಮುಚ್ಚಿದ್ದ ಅದೇ ವಸಾಹತು ಸೇವೆ ಅವರನ್ನು ಉಗಾಂಡಾಕ್ಕೆ ಕಳುಹಿಸಿತು.

ಮೊದಲ ನೇಮಕ ಉತ್ತರ ಉಗಾಂಡಾದ ಲಿರಾ ಎಂಬ ಊರಿಗೆ. ವಿಶಾಲವಾದ ಲಾಂಗೊ ಜಿಲ್ಲೆಯ ಪುಟ್ಟ ಆಸ್ಪತ್ರೆ ಅದು. ಅಲ್ಲಿ ವೃಷಣದ ಚೀಲದಲ್ಲಿ ನೀರು ತುಂಬಿ ಊದಿಕೊಳ್ಳುವ ಹೈಡ್ರೋಸೀಲ್ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡುತ್ತ ಮಾಡುತ್ತ ಬರ್ಕಿಟ್ ಒಂದನ್ನು ಗಮನಿಸಿದರು. ರೋಗಿಗಳಲ್ಲಿ ಹೆಚ್ಚಿನವರು ಜಿಲ್ಲೆಯ ಪೂರ್ವ ಭಾಗದವರು. ಪಶ್ಚಿಮದಿಂದ ಬರುವವರು ತೀರಾ ಕಡಿಮೆ. ಬೇರೆ ವೈದ್ಯರಾಗಿದ್ದರೆ ಮುಂದಿನ ರೋಗಿಯನ್ನು ಕರೆಯುತ್ತಿದ್ದರೇನೋ. ಇವರು ಜಿಲ್ಲೆಯಾದ್ಯಂತ ಗಂಡಸರನ್ನು ಪರೀಕ್ಷಿಸಿ, ಎಲ್ಲಿ ಎಷ್ಟು ಎಂದು ಲೆಕ್ಕಹಾಕಿ, 1951ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ತೊಂದರೆಯ ಹಿಂದಿದ್ದದ್ದು ಸೊಳ್ಳೆಯಿಂದ ಹರಡುವ ಫೈಲೇರಿಯಾ ಹುಳು. ನಮ್ಮ ಕರಾವಳಿಯವರಿಗೆ ಆನೆಕಾಲು ರೋಗದ ರೂಪದಲ್ಲಿ ಚಿರಪರಿಚಿತವಾದದ್ದೂ ಇದೇ. ಮುಂದೆ ಅವರಿಗೆ ಕೀರ್ತಿ ತಂದ ಕೆಲಸದ ಪೂರ್ವಾಭ್ಯಾಸ ಹೀಗೆ ಸದ್ದಿಲ್ಲದೆ ನಡೆದುಹೋಗಿತ್ತು.

1948ರಲ್ಲಿ ಅವರು ಕಂಪಾಲಾದ ಮುಲಾಗೊ ಆಸ್ಪತ್ರೆಗೆ ಬಂದರು. 1957ರಲ್ಲಿ ಒಂದು ದಿನ ಅದೇ ಆಸ್ಪತ್ರೆಯ ಹಿರಿಯ ವೈದ್ಯ ಹ್ಯೂ ಟ್ರೊವೆಲ್ ಅವರು ಐದು ವರ್ಷದ ಬಾಲಕನೊಬ್ಬನನ್ನು ನೋಡಲು ಬರ್ಕಿಟ್‌ರನ್ನು ಕರೆದರು. ಮಗುವಿನ ದವಡೆಗಳು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕೂ ಕಡೆ ಊದಿಕೊಂಡಿದ್ದವು. ಹಲ್ಲುಗಳು ಸಡಿಲವಾಗಿ ಮುಖದ ಆಕಾರವೇ ಕೆಟ್ಟಿತ್ತು. ಸೋಂಕಾಗಿದ್ದರೆ ಒಂದು ಕಡೆಯಿಂದ ಶುರುವಾಗಬೇಕು. ಗೊತ್ತಿದ್ದ ಯಾವ ಕ್ಯಾನ್ಸರ್ ಕೂಡ ಹೀಗೆ ಏಕಕಾಲಕ್ಕೆ ನಾಲ್ಕು ಕಡೆ ಹುಟ್ಟುವುದಿಲ್ಲ. ಬರ್ಕಿಟ್ ಛಾಯಾಚಿತ್ರ ತೆಗೆದುಕೊಂಡರು, ಚಿಕಿತ್ಸೆ ತೋಚಲಿಲ್ಲ. ಕೆಲವೇ ವಾರಗಳ ಬಳಿಕ ನೈಲ್ ನದಿ ಹೊರಡುವ ಜಿಂಜಾ ಪಟ್ಟಣದ ಆಸ್ಪತ್ರೆಗೆ ಭೇಟಿ ಕೊಟ್ಟಿದ್ದಾಗ, ಕಿಟಕಿಯಾಚೆ ಹುಲ್ಲಿನ ಮೇಲೆ ತಾಯಿಯೊಂದಿಗೆ ಕುಳಿತಿದ್ದ ಬಾಲಕಿಯೊಬ್ಬಳು ಕಣ್ಣಿಗೆ ಬಿದ್ದಳು. ಅದೇ ಮುಖ, ಅದೇ ಊತ. ಪರೀಕ್ಷಿಸಿದಾಗ ಹೊಟ್ಟೆಯೊಳಗೂ ಗಡ್ಡೆಗಳಿದ್ದವು. ಒಂದನ್ನು ವಿಚಿತ್ರವೆಂದು ಬದಿಗಿಡಬಹುದು, ಎರಡನ್ನು ಹಾಗೆ ಬಿಡುವಂತಿರಲಿಲ್ಲ.

ಅವರು ಹಳೆಯ ಕಡತಗಳನ್ನು ತೆಗೆಸಿದರು. ಮಕ್ಕಳಲ್ಲಿ ದವಡೆಯ ಗಡ್ಡೆ, ಮೂತ್ರಪಿಂಡದ ಗಡ್ಡೆ, ಅಂಡಾಶಯದ ಗಡ್ಡೆ, ಯಕೃತ್ತಿನ ಗಡ್ಡೆ ಎಂದು ಬೇರೆ ಬೇರೆ ಹೆಸರುಗಳಡಿ ದಾಖಲಾಗಿದ್ದ ಪ್ರಕರಣಗಳು ಪದೇ ಪದೇ ಒಂದೇ ಮಗುವಿನಲ್ಲಿ ಜೊತೆಗೂಡಿರುವುದು ಕಂಡುಬಂತು. ಉಗಾಂಡಾದ ಆಧುನಿಕ ವೈದ್ಯಕೀಯದ ಆದ್ಯರಾದ ಆಲ್ಬರ್ಟ್ ಕುಕ್ ಅವರು ಮೆಂಗೊ ಆಸ್ಪತ್ರೆಯಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲೇ ಬರೆದಿಟ್ಟ ಟಿಪ್ಪಣಿಗಳಲ್ಲೂ ಇಂಥ ಮುಖಗಳಿದ್ದವು. ಅಂದರೆ ಕಾಯಿಲೆ ಹೊಸದಲ್ಲ, ನೋಟ ಹೊಸದು. 1958ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ 38 ಮಕ್ಕಳ ವಿವರಗಳೊಂದಿಗೆ ಬರ್ಕಿಟ್ ಲೇಖನ ಪ್ರಕಟಿಸಿದರು. ಅದನ್ನು ಗಮನಿಸಿದವರು ಕಡಿಮೆ. ಆಗಿನ್ನೂ ಅವರು ಇದನ್ನು ಸಾರ್ಕೋಮಾ ಎಂದೇ ಕರೆದಿದ್ದರು. ಸೂಕ್ಷ್ಮದರ್ಶಕದಡಿ ನೋಡಿ ಇದು ಲಿಂಫೋಮಾ ಎಂದು ಖಚಿತಪಡಿಸಿದ್ದು ಕಂಪಾಲಾದಲ್ಲಿದ್ದ ರೋಗವಿಜ್ಞಾನಿಗಳು, ಮುಖ್ಯವಾಗಿ ಗ್ರೆಗರಿ ಓಕಾನರ್. ಖ್ಯಾತಿ ಒಬ್ಬರ ಹೆಸರಿಗೆ ಅಂಟಿಕೊಂಡಿತಾದರೂ ಈ ಕೆಲಸದಲ್ಲಿ ಹಲವರ ಕೈಯಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಯಾವ ಮಕ್ಕಳ ನೋವಿನಿಂದ ಈ ಜ್ಞಾನ ಹುಟ್ಟಿತೋ ಅವರ ಹೆಸರು ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಿರ್ಣಾಯಕ ತಿರುವು ಬಂದದ್ದು ಒಂದು ಆಕಸ್ಮಿಕ ಮಾತಿನಿಂದ. ದಕ್ಷಿಣ ಆಫ್ರಿಕಾದ ಕ್ಯಾನ್ಸರ್ ತಜ್ಞ ಜಾರ್ಜ್ ಓಟ್ಲೆ ಕಂಪಾಲಾಕ್ಕೆ ಬಂದಿದ್ದಾಗ, ಇಂಥ ಗಡ್ಡೆಗಳು ತಮ್ಮ ನಾಡಿನಲ್ಲಿ ಇಲ್ಲವೇ ಇಲ್ಲ ಎಂದರು. ಒಂದೇ ಖಂಡ, ಅಲ್ಲೂ ಆಫ್ರಿಕನ್ ಮಕ್ಕಳೇ, ಆದರೂ ಇಲ್ಲಿ ವಾರವಾರವೂ ಕಾಣುವುದು ಅಲ್ಲಿ ಇಲ್ಲವೆಂದರೆ ನಡುವೆ ಎಲ್ಲೋ ಒಂದು ಗೆರೆ ಇರಬೇಕಲ್ಲವೇ? ಆ ಗೆರೆ ಎಲ್ಲಿದೆ? ರಾಬಿನ್ ಹಕ್ಕಿಯ ಸರಹದ್ದು ಗುರುತಿಸಿದವರ ಮಗನಿಗೆ ಈ ಪ್ರಶ್ನೆ ಬಿಡದೆ ಕಾಡಿದ್ದು ಸಹಜ.

ಅವರು ಮಾಡಿದ ಮೊದಲ ಕೆಲಸ ಅತ್ಯಂತ ಅಗ್ಗದ್ದು. ಊದಿದ ದವಡೆಯ ಮಗುವಿನ ಚಿತ್ರಗಳಿರುವ ಕರಪತ್ರ ಮುದ್ರಿಸಿ, ಆಫ್ರಿಕಾದುದ್ದಕ್ಕೂ ಇರುವ ಸರ್ಕಾರಿ ಮತ್ತು ಮಿಷನರಿ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಇಂಥ ಮಗುವನ್ನು ನೋಡಿದ್ದೀರಾ ಎಂಬಷ್ಟೇ ಪ್ರಶ್ನೆ. ಉತ್ತರಗಳು ಬಂದಂತೆಲ್ಲ ಗೋಡೆಯ ಮೇಲಿನ ನಕ್ಷೆಗೆ ಗುಂಡುಸೂಜಿ ಚುಚ್ಚುತ್ತ ಹೋದರು. ಭೂಮಧ್ಯರೇಖೆಯ ಎರಡೂ ಬದಿಗೆ ಒಂದು ಪಟ್ಟಿ ಮೂಡಿತು. ಅದರಿಂದ ಪೂರ್ವ ಕರಾವಳಿಗುಂಟ ದಕ್ಷಿಣಕ್ಕೆ ಬಾಲದಂತೊಂದು ಎಳೆ ಇಳಿಯಿತು. ಆದರೆ ಅಂಚೆಯ ಉತ್ತರದ ಮೇಲೆ ಎಷ್ಟು ಭರವಸೆ ಇಡಬಹುದು? ವೈದ್ಯರಿಲ್ಲದ ಕಡೆ ಕಾಯಿಲೆಯೂ ದಾಖಲಾಗುವುದಿಲ್ಲ. ಸೂಜಿ ಇಲ್ಲದ ಜಾಗದಲ್ಲಿ ಕಾಯಿಲೆ ಇಲ್ಲವೋ, ಅದನ್ನು ಗುರುತಿಸುವ ಕಣ್ಣು ಇಲ್ಲವೋ? ರೋಗಗಳ ಭೂಗೋಳ ಬರೆಯುವವರೆಲ್ಲರನ್ನೂ ಇಂದಿಗೂ ಬಾಧಿಸುವ ಪ್ರಶ್ನೆ ಇದು. ಬರ್ಕಿಟ್ ಇದಕ್ಕೆ ಕಂಡುಕೊಂಡ ಉತ್ತರ, ಸ್ವತಃ ಹೋಗಿ ನೋಡುವುದು.

1961ರ ಅಕ್ಟೋಬರ್‌ನಲ್ಲಿ ಹಳೆಯದೊಂದು ಫೋರ್ಡ್ ಸ್ಟೇಷನ್ ವ್ಯಾಗನ್ ಕೊಂಡು ಅವರು ಕಂಪಾಲಾದಿಂದ ಹೊರಟರು. ಜೊತೆಗಿದ್ದವರು ಇಬ್ಬರು ವೈದ್ಯ ಮಿತ್ರರು, ಟೆಡ್ ವಿಲಿಯಮ್ಸ್ ಮತ್ತು ಕ್ಲಿಫ್ ನೆಲ್ಸನ್. ವಿಲಿಯಮ್ಸ್ ಅವರಿಗೆ ವಾಹನ ರಿಪೇರಿಯೂ ಗೊತ್ತಿದ್ದದ್ದು ಆ ದಾರಿಯಲ್ಲಿ ವೈದ್ಯಕೀಯ ಜ್ಞಾನಕ್ಕಿಂತ ಕಡಿಮೆ ಬೆಲೆಯದಾಗಿರಲಿಲ್ಲ. ಹತ್ತು ವಾರ, ಹತ್ತು ಸಾವಿರ ಮೈಲಿ, ಐವತ್ತಕ್ಕೂ ಹೆಚ್ಚು ಆಸ್ಪತ್ರೆ. ಅಂದು ಟಾಂಗನ್ಯೀಕಾ, ನ್ಯಾಸಾಲ್ಯಾಂಡ್, ರೊಡೇಷಿಯಾ ಎಂದು ಕರೆಸಿಕೊಳ್ಳುತ್ತಿದ್ದ ನಾಡುಗಳನ್ನು ದಾಟಿ, ಮೊಜಾಂಬಿಕ್ ಸುತ್ತಿ, ದಕ್ಷಿಣ ಆಫ್ರಿಕಾದವರೆಗೆ ಹೋಗಿ ಹಿಂತಿರುಗಿದರು. ಪ್ರತಿ ಆಸ್ಪತ್ರೆಯಲ್ಲೂ ಚಿತ್ರಗಳನ್ನು ತೋರಿಸುವುದು, ವೈದ್ಯರನ್ನೂ ದಾದಿಯರನ್ನೂ ವಿಚಾರಿಸುವುದು, ದಾಖಲೆ ತಿರುವುವುದು, ವಾರ್ಡುಗಳಲ್ಲಿ ಸುತ್ತುವುದು, ಮತ್ತೆ ಗಾಡಿ ಏರುವುದು. ಇಡೀ ಪ್ರಯಾಣಕ್ಕೆ ತಗುಲಿದ ವೆಚ್ಚ 700 ಪೌಂಡಿನೊಳಗೆ. ವೈದ್ಯಕೀಯ ಸಂಶೋಧನೆಯ ಚರಿತ್ರೆಯಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಫಲ ಸಿಕ್ಕ ಉದಾಹರಣೆಗಳು ಹೆಚ್ಚಿಲ್ಲ.

ಸಿಕ್ಕ ಫಲವಾದರೂ ಏನು? ಗಡಿ ಇದ್ದದ್ದು ನಿಜ. ಆದರೆ ಅದು ಅಕ್ಷಾಂಶದ ಗೆರೆಯಂತೆ ನೇರವಾಗಿರಲಿಲ್ಲ. ಭೂಮಧ್ಯರೇಖೆಯ ಸಮೀಪ ಸುಮಾರು 5,000 ಅಡಿ ಎತ್ತರದ ಮೇಲೆ ಕಾಯಿಲೆ ಮಾಯವಾಗುತ್ತಿತ್ತು. ರುವಾಂಡಾ, ಬುರುಂಡಿಗಳ ಎತ್ತರದ ಗುಡ್ಡನಾಡಿನಲ್ಲಿ ಅದು ಇಲ್ಲ. ದಕ್ಷಿಣಕ್ಕೆ ಹೋದಂತೆ ಈ ಮಿತಿ ಕೆಳಗಿಳಿಯುತ್ತ ಬಂತು: ರೊಡೇಷಿಯಾದ ಭಾಗದಲ್ಲಿ ಸುಮಾರು 3,000 ಅಡಿ, ಇನ್ನೂ ಕೆಳಗೆ ಮೊಜಾಂಬಿಕ್‌ನ ಕರಾವಳಿಯಲ್ಲಿ ಹೆಚ್ಚುಕಡಿಮೆ ಸಮುದ್ರಮಟ್ಟ. ಈ ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎತ್ತರವೇ ಮುಖ್ಯವಲ್ಲ, ಎತ್ತರದ ವೇಷದಲ್ಲಿರುವುದು ಚಳಿ ಎಂಬುದು ಹೊಳೆಯುತ್ತದೆ. ಎಂಟೆಬೆಯ ವೈರಾಣು ಸಂಶೋಧನಾ ಸಂಸ್ಥೆಯ ಅಲೆಕ್ಸಾಂಡರ್ ಹ್ಯಾಡೊ ಈ ಅಂಶವನ್ನು ಸ್ಪಷ್ಟಪಡಿಸಿದರು. ತಂಪಿನ ತಿಂಗಳಲ್ಲೂ ಸರಾಸರಿ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಕಡೆ ಮಾತ್ರ ಕಾಯಿಲೆ ಇತ್ತು. ಪಶ್ಚಿಮ ಆಫ್ರಿಕಾವನ್ನೂ ಸೇರಿಸಿಕೊಂಡಾಗ ಎರಡನೆಯ ಷರತ್ತು ಕಂಡಿತು: ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ ಬೀಳುವ ಒಣನೆಲದಲ್ಲಿ ಇದಿಲ್ಲ. ಬೆಚ್ಚಗೂ ಇರಬೇಕು, ತೇವವೂ ಇರಬೇಕು. ಯಾವ ಜೀವಿ ಇವೆರಡನ್ನೂ ಬಯಸುತ್ತದೆ ಎಂಬುದನ್ನು ಉಷ್ಣವಲಯದ ವೈದ್ಯರಿಗೆ ಹೇಳಿಕೊಡಬೇಕಾಗಿಲ್ಲ. ಸೊಳ್ಳೆಯಂಥ ಕೀಟವೊಂದು ಯಾವುದೋ ವೈರಾಣುವನ್ನು ಹೊತ್ತು ತಂದು ಈ ಕ್ಯಾನ್ಸರ್ ಉಂಟುಮಾಡುತ್ತಿರಬೇಕೆಂದು ಬರ್ಕಿಟ್ ಊಹಿಸಿದರು. ಮನುಷ್ಯರಲ್ಲಿ ವೈರಾಣುವಿನಿಂದ ಕ್ಯಾನ್ಸರ್ ಬರಬಹುದೆಂಬುದಕ್ಕೆ ಆಗ ಪುರಾವೆಯೇ ಇರಲಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಬರ್ಕಿಟ್ ಆ ಬಾಲಕನನ್ನು ಕಂಡ 1957ರಲ್ಲೇ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಉಣ್ಣೆಗಳಿಂದ ಹರಡುವ ವೈರಾಣುವೊಂದು ಅಲ್ಲಿ ಪತ್ತೆಯಾಗಿ ಕಾಡಿನ ಹೆಸರನ್ನೇ ಪಡೆಯಿತು. ರೋಗವೊಂದನ್ನು ನೆಲಕ್ಕೆ ಕಟ್ಟಿಹಾಕುವ ಕೀಟದ ಕಲ್ಪನೆ ಆ ಕಾಲದ ವೈದ್ಯರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿತ್ತು, ಅದಕ್ಕೆ ಎಷ್ಟು ಆಧಾರವಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ದೀರ್ಘ ಪ್ರಯಾಣಕ್ಕೆ ಕೆಲವು ತಿಂಗಳು ಮೊದಲು, 1961ರ ಮಾರ್ಚ್ 22ರಂದು, ಬರ್ಕಿಟ್ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಉಪನ್ಯಾಸ ನೀಡಿದ್ದರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಾಣುವಿನ ಮೇಲೆ ಕೆಲಸ ಮಾಡುತ್ತಿದ್ದ ಯುವ ವಿಜ್ಞಾನಿ ಆಂಥನಿ ಎಪ್‌ಸ್ಟೀನ್ ಸಭಿಕರಲ್ಲಿದ್ದರು. ಮಾತು ಮುಗಿಯುವ ಮೊದಲೇ ಅವರಿಗೆ ತಮ್ಮ ಮುಂದಿನ ಕೆಲಸ ಯಾವುದೆಂದು ಗೊತ್ತಾಗಿತ್ತು. ಕಂಪಾಲಾದಿಂದ ಗಡ್ಡೆಯ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಬರತೊಡಗಿದವು. ಎರಡು ವರ್ಷಗಳಿಗೂ ಹೆಚ್ಚು ಕಾಲ ಏನೂ ಸಿಗಲಿಲ್ಲ. 1963ರ ಡಿಸೆಂಬರ್‌ನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ತಿರುಗಿತು. ತಡವಾಗಿ ಕೈಸೇರಿದ ಮಾದರಿಯ ದ್ರವ ಮಬ್ಬಾಗಿತ್ತು. ಕೊಳೆತಿದೆಯೆಂದು ಎಸೆಯಬಹುದಾಗಿದ್ದ ಅದನ್ನು ಎಪ್‌ಸ್ಟೀನ್ ಪರೀಕ್ಷಿಸಿದರು. ಗಡ್ಡೆಯಿಂದ ಉದುರಿದ ಜೀವಕೋಶಗಳು ಅದರಲ್ಲಿ ಜೀವಂತವಾಗಿ ತೇಲುತ್ತಿದ್ದವು. ಅವನ್ನು ಬೆಳೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ ವೈರಾಣು ಕಂಡಿತು. 1964ರ ಮಾರ್ಚ್‌ನಲ್ಲಿ ಎಪ್‌ಸ್ಟೀನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಅದನ್ನು ಪ್ರಕಟಿಸಿದರು. ಎಪ್‌ಸ್ಟೀನ್-ಬಾರ್ ವೈರಸ್ ಎಂದು ಇಂದು ಕರೆಯುವ ಇದು, ಮನುಷ್ಯರ ಕ್ಯಾನ್ಸರ್‌ಗೆ ಸಂಬಂಧಿಸಿ ಪತ್ತೆಯಾದ ಮೊಟ್ಟಮೊದಲ ವೈರಾಣು.

ಕಥೆ ಇಲ್ಲಿಗೆ ಮುಗಿದಿದ್ದರೆ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಫಿಲಡೆಲ್ಫಿಯಾದಲ್ಲಿ ಹೆನ್ಲೆ ದಂಪತಿ ಈ ವೈರಾಣುವನ್ನು ಹುಡುಕಿದಾಗ ಅದು ಅಮೆರಿಕದವರ ರಕ್ತದಲ್ಲೂ ತನ್ನ ಗುರುತು ಬಿಟ್ಟಿತ್ತು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದು ನೆಲೆಸಿದೆ. ಇದನ್ನು ಹರಡುವುದು ಸೊಳ್ಳೆಯೂ ಅಲ್ಲ, ಎಂಜಲು. ಎಲ್ಲೆಡೆ ಇರುವ ವೈರಾಣು ಒಂದು ಪಟ್ಟಿಯಲ್ಲಿ ಮಾತ್ರ ಕ್ಯಾನ್ಸರ್ ತರುವುದು ಹೇಗೆ? ಬರ್ಕಿಟ್‌ರ ನಕ್ಷೆ ಸರಿಯಾಗಿತ್ತು. ಅದರಿಂದ ಅವರು ಮಾಡಿದ ಮೊದಲ ಊಹೆ ತಪ್ಪಾಗಿತ್ತು. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಊಹೆಯನ್ನು ಉಳಿಸಿಕೊಳ್ಳಲು ಹೆಣಗುತ್ತಾರೆ. ಬರ್ಕಿಟ್ ನಕ್ಷೆಯನ್ನು ಉಳಿಸಿಕೊಂಡು ಊಹೆಯನ್ನು ಕೈಬಿಟ್ಟರು. 1969ರ ಲೇಖನದಲ್ಲಿ, ಸೊಳ್ಳೆ ಹೊತ್ತು ತರುವುದು ಈ ವೈರಾಣುವನ್ನಲ್ಲ, ಮಲೇರಿಯಾವನ್ನು ಎಂಬ ವಾದವನ್ನು ಅವರು ಮುಂದಿಟ್ಟರು. ಇತರರೂ ಆ ದಿಕ್ಕಿನಲ್ಲಿ ಯೋಚಿಸಿದ್ದರು. ವರ್ಷವಿಡೀ ಮಲೇರಿಯಾ ತೀವ್ರವಾಗಿರುವ ಊರುಗಳ ನಕ್ಷೆ ಮತ್ತು ಈ ಗಡ್ಡೆಯ ನಕ್ಷೆ ಒಂದರ ಮೇಲೊಂದು ಕೂರುತ್ತಿದ್ದವು. ಆಫ್ರಿಕಾದಿಂದ ಬಹುದೂರದ ಪಪುವಾ ನ್ಯೂಗಿನಿಯ ತಗ್ಗುಪ್ರದೇಶದಲ್ಲೂ ಮಲೇರಿಯಾ ಇದ್ದಲ್ಲಿ ಈ ಕಾಯಿಲೆ ಇತ್ತು.

ಇಂದಿನ ತಿಳಿವಳಿಕೆ ಸ್ಥೂಲವಾಗಿ ಹೀಗಿದೆ. ಎಳವೆಯಲ್ಲೇ ವೈರಾಣು ಮಗುವಿನ ದುಗ್ಧಕಣಗಳಲ್ಲಿ ಸೇರಿಕೊಳ್ಳುತ್ತದೆ. ಮತ್ತೆ ಮತ್ತೆ ಬರುವ ಮಲೇರಿಯಾ ಆ ಕಣಗಳನ್ನು ಬಿಡುವಿಲ್ಲದೆ ವಿಭಜನೆಗೆ ದೂಡುತ್ತದೆ, ವೈರಾಣುವನ್ನು ಹದ್ದುಬಸ್ತಿನಲ್ಲಿಡುವ ಕಾವಲನ್ನೂ ಸಡಿಲಿಸುತ್ತದೆ. ಈ ಗಡಿಬಿಡಿಯಲ್ಲಿ ಒಂದು ಕಣದ ಎಂಟನೆಯ ವರ್ಣತಂತುವಿನ ತುಂಡು ಸಾಮಾನ್ಯವಾಗಿ ಹದಿನಾಲ್ಕನೆಯದಕ್ಕೆ ಅಂಟಿಕೊಳ್ಳುತ್ತದೆ. ಬೆಳವಣಿಗೆಯನ್ನು ನಿಯಂತ್ರಿಸುವ ಮಿಕ್ ಎಂಬ ಜೀನ್ ಹಿಡಿತ ತಪ್ಪುತ್ತದೆ. 1970ರ ದಶಕದಲ್ಲಿ ಗೀ ದ ತೇ ನೇತೃತ್ವದ ತಂಡ ಉಗಾಂಡಾದಲ್ಲಿ 42,000 ಮಕ್ಕಳ ರಕ್ತ ಸಂಗ್ರಹಿಸಿ ಕಾದುಕುಳಿತು. ಮುಂದೆ ಗಡ್ಡೆ ಬಂದ ಮಕ್ಕಳಲ್ಲಿ ವೈರಾಣುವಿನ ವಿರುದ್ಧದ ಪ್ರತಿಕಾಯ ಮೊದಲೇ ಹೆಚ್ಚಿದ್ದದ್ದನ್ನು 1978ರಲ್ಲಿ ವರದಿ ಮಾಡಿತು. ಮಲೇರಿಯಾ ತಗ್ಗಿಸಿದರೆ ಈ ಕ್ಯಾನ್ಸರ್ ತಗ್ಗುವುದೇ ಎಂಬ ನೇರ ಪರೀಕ್ಷೆಯೂ ಟಾಂಜಾನಿಯಾದ ಉತ್ತರ ಮಾರಾ ಜಿಲ್ಲೆಯಲ್ಲಿ ಕ್ಲೋರೋಕ್ವಿನ್ ಹಂಚಿ ನಡೆಯಿತು. ಪ್ರಕರಣಗಳು ಇಳಿದದ್ದು ಹೌದು, ಆದರೆ ಮಾತ್ರೆ ಹಂಚುವ ಮೊದಲೇ ಇಳಿಕೆ ಶುರುವಾಗಿದ್ದರಿಂದ ತೀರ್ಪು ಅಸ್ಪಷ್ಟವಾಗಿಯೇ ಉಳಿಯಿತು.

ಬರ್ಕಿಟ್‌ರ ಇನ್ನೊಂದು ಸಾಧನೆಯನ್ನು ನಕ್ಷೆಯ ಬೆರಗಿನಲ್ಲಿ ಮರೆಯುವವರೇ ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ಈ ಗಡ್ಡೆಗೆ ಪ್ರಯೋಜನವಿರಲಿಲ್ಲ. ವಿಕಿರಣ ಚಿಕಿತ್ಸೆ ಉಗಾಂಡಾದಲ್ಲಿ ಇರಲೇ ಇಲ್ಲ. ನ್ಯೂಯಾರ್ಕಿನ ಕ್ಯಾನ್ಸರ್ ತಜ್ಞ ಜೋಸೆಫ್ ಬರ್ಷನಾಲ್ ಮೊದಲಾದವರ ನೆರವಿನಿಂದ ಅಂದಿನ ಹೊಸ ಔಷಧಗಳಾದ ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್, ವಿನ್‌ಕ್ರಿಸ್ಟಿನ್‌ಗಳನ್ನು ಬರ್ಕಿಟ್ ಬಳಸಿ ನೋಡಿದರು. ಕೆಲವೇ ಡೋಸುಗಳಿಗೆ, ಕೆಲವು ಮಕ್ಕಳಲ್ಲಿ ಒಂದೇ ಡೋಸಿಗೆ, ಮುಖ ತುಂಬಿದ ಗಡ್ಡೆ ದಿನಗಳಲ್ಲಿ ಕರಗಿಹೋಯಿತು. ಅವರಲ್ಲಿ ಕೆಲವರಿಗೆ ಅದು ಮರಳಲೇ ಇಲ್ಲ. ಔಷಧದಿಂದ ಮಾತ್ರವೇ ಕ್ಯಾನ್ಸರ್ ಗುಣವಾಗಬಹುದು ಎಂಬ ನಂಬಿಕೆಗೆ ಬಲ ಬಂದದ್ದು ಸಕಲ ಸೌಕರ್ಯದ ಆಸ್ಪತ್ರೆಗಳಿಂದಷ್ಟೇ ಅಲ್ಲ, ಬೇರೆ ದಾರಿಯೇ ಇಲ್ಲದ ಮುಲಾಗೊದ ವಾರ್ಡಿನಿಂದಲೂ. 1972ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಮತ್ತು ಇತರರೊಂದಿಗೆ ಹಂಚಿಕೊಂಡ ಲಾಸ್ಕರ್ ಪ್ರಶಸ್ತಿ ಅವರಿಗೆ ಸಂದವು.

1966ರಲ್ಲಿ ಅವರು ಬ್ರಿಟನ್ನಿಗೆ ಮರಳಿದರು. ಆಮೇಲಿನ ಅವರ ಕೀರ್ತಿ ಬೇರೊಂದು ವಿಷಯದ್ದು, ಆಹಾರದ ನಾರಿನಂಶ. ಆಫ್ರಿಕಾದ ಹಳ್ಳಿಗರಲ್ಲಿ ಮಲಬದ್ಧತೆ, ಮೂಲವ್ಯಾಧಿ, ಕರುಳಿನ ಕ್ಯಾನ್ಸರ್ ಅಪರೂಪವಾಗಿರಲು ಅವರು ತಿನ್ನುವ ನಾರುಳ್ಳ ಆಹಾರವೇ ಕಾರಣವೆಂದು ಅವರು ಸಾರಿದರು. ರಾಗಿ ಉಣ್ಣುವ ನಾಡಿನವರಿಗೆ ಈ ಮಾತು ಹಿತವೆನಿಸುವುದು ಸಹಜ; ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ. 1979ರ ಅವರ ಜನಪ್ರಿಯ ಪುಸ್ತಕ ಅವರನ್ನು ಮನೆಮಾತಾಗಿಸಿತು. ಆದರೆ ನನ್ನ ದೃಷ್ಟಿಯಲ್ಲಿ ಈ ಎರಡನೆಯ ಕೆಲಸ ಮೊದಲಿನದರಷ್ಟು ಗಟ್ಟಿಯಲ್ಲ. ವಿಧಾನ ಅದೇ, ಆಸ್ಪತ್ರೆಗಳಿಗೆ ಪ್ರಶ್ನಾವಳಿ ಕಳುಹಿಸುವುದು. ಐದು ವರ್ಷದ ಮಗುವಿನ ಊದಿದ ದವಡೆಯನ್ನು ಯಾರೂ ತಪ್ಪಿಸಿಕೊಳ್ಳಲಾರರು. ಅರವತ್ತರ ಆಚೆ ಬರುವ ಕರುಳಿನ ಕ್ಯಾನ್ಸರ್ ಕಾಣಬೇಕಾದರೆ ಜನ ಅಷ್ಟು ವರ್ಷ ಬದುಕಬೇಕು, ಆಸ್ಪತ್ರೆಗೂ ಬರಬೇಕು. ನಾರಿನ ಮಹತ್ವವನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ, ಆದರೆ ಬರ್ಕಿಟ್ ಅದರ ತಲೆಗೆ ಕಟ್ಟಿದ ಎಲ್ಲ ಹೊಣೆಯನ್ನಲ್ಲ. 1976ರಲ್ಲಿ ನಿವೃತ್ತರಾದ ಅವರು 1993ರ ಮಾರ್ಚ್ 23ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡರು.

ನಕ್ಷೆಯನ್ನು ಕೇಳುವ ಅವರ ಕ್ರಮ ಬೇರೆಡೆಯೂ ಫಲ ಕೊಟ್ಟಿತು. 1977ರಲ್ಲಿ ಜಪಾನಿನ ಕಿಯೋಶಿ ತಕತ್ಸುಕಿ ಮತ್ತು ಸಂಗಡಿಗರು ವಯಸ್ಕರಲ್ಲಿ ಕಂಡ ಹೊಸ ಬಗೆಯ ರಕ್ತಕ್ಯಾನ್ಸರ್ ಮತ್ತು ಲಿಂಫೋಮಾವನ್ನು ವಿವರಿಸಿದಾಗ, ರೋಗಿಗಳಲ್ಲಿ ಬಹುಪಾಲು ಕ್ಯುಶು ದ್ವೀಪದಲ್ಲಿ ಹುಟ್ಟಿದವರೆಂಬುದೇ ಸುಳಿವಾಯಿತು. ಹಿಂದೆ ವೈರಾಣು ಇತ್ತು. ಅದು ತಾಯಿಯ ಹಾಲಿನಿಂದ ಮಗುವಿಗೆ ದಾಟುತ್ತಿತ್ತು. 1987ರಿಂದ ನಾಗಸಾಕಿ ಪ್ರಾಂತ್ಯದಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಸೋಂಕಿರುವ ತಾಯಂದಿರಿಗೆ ಎದೆಹಾಲು ಬದಲಿಸುವ ಸಲಹೆ ನೀಡಿ ಹರಡುವಿಕೆಯನ್ನು ಬಹಳಷ್ಟು ತಡೆಯಲಾಯಿತು. ಭಾರತದ ಚಿತ್ರವೂ ತನ್ನದೇ ಆದದ್ದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು 2000ದಲ್ಲಿ ಪ್ರಕಟಿಸಿದ 2,773 ಲಿಂಫೋಮಾಗಳ ಅಧ್ಯಯನದಲ್ಲಿ ವೇಗವಾಗಿ ಬೆಳೆಯುವ ದೊಡ್ಡಕೋಶದ ಬಿ ಬಗೆ ಮೂರನೇ ಒಂದು ಭಾಗದಷ್ಟಿದ್ದರೆ, ಪಶ್ಚಿಮದಲ್ಲಿ ಐದರಲ್ಲೊಂದು ಭಾಗಕ್ಕೂ ಹೆಚ್ಚಿರುವ ಫಾಲಿಕ್ಯುಲರ್ ಬಗೆ ಇಲ್ಲಿ ಶೇಕಡ 13ನ್ನೂ ಮುಟ್ಟಿರಲಿಲ್ಲ. ಹಾಜ್ಕಿನ್ ಲಿಂಫೋಮಾ ನಮ್ಮಲ್ಲಿ ಎಳೆಯರಲ್ಲೇ ಹೆಚ್ಚು ಕಾಣಿಸುತ್ತದೆ, ಅದರಲ್ಲೂ ಎಪ್‌ಸ್ಟೀನ್-ಬಾರ್ ವೈರಾಣುವಿನ ಹೆಜ್ಜೆಗುರುತು ಪಶ್ಚಿಮಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ 1982ರಿಂದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತ ಬಂದಿದೆ. ಊರೂರಿನ ಲೆಕ್ಕ ಹೀಗೆ ಜೋಪಾನವಾಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ. ಬರ್ಕಿಟ್ ಗಾಡಿ ಏರಿ ಹೋದದ್ದು ಅಂಥ ನೋಂದಣಿ ಆ ದಾರಿಯಲ್ಲಿ ಇಲ್ಲದ ಕಾರಣ.

ಉಗಾಂಡಾ 1962ರಲ್ಲಿ ಸ್ವತಂತ್ರವಾಯಿತು. 1967ರಲ್ಲಿ ಮುಲಾಗೊ ಬೆಟ್ಟದಲ್ಲಿ ಈ ಕಾಯಿಲೆಗೆಂದೇ ಲಿಂಫೋಮಾ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಅದೇ ಇಂದಿನ ಉಗಾಂಡಾ ಕ್ಯಾನ್ಸರ್ ಸಂಸ್ಥೆ. ಅದನ್ನು ಮೊದಲು ನಡೆಸಿದ ಅಮೆರಿಕದ ಜಾನ್ ಝೀಗ್ಲರ್ ಊರಿಗೆ ಮರಳಿ, 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಕಾಮಿ ಪುರುಷರಲ್ಲಿ ಇದೇ ಬಗೆಯ ಗಡ್ಡೆಗಳನ್ನು ಗುರುತಿಸಿ ವರದಿ ಮಾಡಿದರು. ಏಡ್ಸ್‌ನ ಮುಖಗಳಲ್ಲೊಂದು ಅದು ಎಂಬುದು ಮುಂದೆ ತಿಳಿಯಿತು. ಇದಿ ಅಮೀನನ ಕಾಲದಲ್ಲಿ ವಿದೇಶಿ ವೈದ್ಯರೆಲ್ಲ ತೆರಳಿದಾಗ ಕೇಂದ್ರದ ಬಾಗಿಲು ಮುಚ್ಚದಂತೆ ನೋಡಿಕೊಂಡವರು ಉಗಾಂಡಾದವರೇ ಆದ ಡಾ. ಚಾರ್ಲ್ಸ್ ಒಲ್ವೆನಿ. ಬರ್ಕಿಟ್ ಹೆಸರು ಹೊತ್ತ ಕಾಯಿಲೆಯ ಚರಿತ್ರೆಯಲ್ಲಿ ಈ ಹೆಸರಿಗೂ ಅಷ್ಟೇ ಜಾಗ ಸಲ್ಲಬೇಕು.

ಯುರೋಪ್ ಮತ್ತು ಅಮೆರಿಕದಲ್ಲಿ ಈ ಲಿಂಫೋಮಾ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಇಂದು ಗುಣವಾಗುತ್ತಾರೆ. ಔಷಧದಿಂದ ಇದನ್ನು ಮಣಿಸಬಹುದೆಂದು ಮೊದಲು ಕಂಡ ಪೂರ್ವ ಆಫ್ರಿಕಾದಲ್ಲಿ ಬದುಕುಳಿಯುವವರು ಸುಮಾರು ಅರ್ಧದಷ್ಟು, ಕೆಲವೆಡೆ ಇನ್ನೂ ಕಡಿಮೆ. ರೋಗ ಪತ್ತೆಗೆ ಬೇಕಾದ ಪ್ರಯೋಗಾಲಯ ದೂರ, ಔಷಧದ ಪೂರೈಕೆ ಅನಿಶ್ಚಿತ, ಬಸ್ಸಿನ ಹಣ ಹೊಂದಿಸಲಾಗದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರು ಹಲವರು. ಈ ಗಡ್ಡೆಯ ಜೀವಕೋಶಗಳು ಒಂದೆರಡು ದಿನಗಳಲ್ಲೇ ಇಮ್ಮಡಿಯಾಗುತ್ತವೆ. ಮಗುವಿನ ಹಲ್ಲು ಸಡಿಲವಾದದ್ದನ್ನು ಕಂಡ ತಾಯಿ ಮುಲಾಗೊ ಬೆಟ್ಟ ತಲುಪಲು ವಾರಗಳೇ, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.